ಏಳು ಆಸನಗಳ ಕಾರಿನ ಆಯ್ಕೆಗೆ ಸಲಹೆ ಬೇಕು

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿರುವ ನಮ್ಮ ಮನೆಯಲ್ಲಿ ಅಪ್ಪ, ಅಮ್ಮ, ನಾವಿಬ್ಬರು, ಆರು ವರ್ಷದ ಮಗಳು ಮತ್ತು ಮೂರು ತಿಂಗಳ ಮಗ ಸೇರಿ ಆರು ಮಂದಿಯಾಗಿರುವುದರಿಂದ ಹಳೆಯ ಕಾರು ಈಗ ಸಾಲುತ್ತಿಲ್ಲ. ಕಳೆದ ತಿಂಗಳು ಸಂಪಾಜೆ ಘಾಟಿಯ ಮೂಲಕ ಪುತ್ತೂರಿಗೆ ಹೋದಾಗ, ಮಂಡಿನೋವಿರುವ ಅಮ್ಮ ಮಗುವಿನ ಬಟ್ಟೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ದಾರಿಯುದ್ದಕ್ಕೂ ಕಾಲು ಚಾಚಲಾಗದೆ ಕುಳಿತಿದ್ದನ್ನು ಕಂಡು ಬಹಳ ಸಂಕಟವಾಯಿತು.

ಎರ್ಟಿಗಾದ ಬೆಲೆ ನಮ್ಮ ಕೈಗೆಟುಕುತ್ತದೆ. ಆದರೆ ಮೂರನೆಯ ಸಾಲನ್ನು ಬಳಸಿದಾಗ ಹಿಂದೆ ಉಳಿಯುವುದು 209 ಲೀಟರ್ ಜಾಗ ಮಾತ್ರ, ಸಿಎನ್‌ಜಿ ಆವೃತ್ತಿಯಲ್ಲಿ ಸಿಲಿಂಡರ್ ಅದನ್ನೂ ಆಕ್ರಮಿಸುತ್ತದೆ. ಕಾರೆನ್ಸ್‌ನಲ್ಲಿ ಗುಂಡಿಯೊತ್ತಿದರೆ ಎರಡನೆಯ ಸಾಲಿನ ಆಸನ ಮಡಚಿ ದಾರಿ ಬಿಡುವುದು ನನಗೆ ಬಹಳ ಹಿಡಿಸಿತು. 2.4 ಲೀಟರ್ ಡೀಸೆಲ್ ಎಂಜಿನ್ನಿನ ಇನ್ನೋವಾ ಕ್ರಿಸ್ಟಾ ಎಲ್ಲಕ್ಕಿಂತ ವಿಶಾಲವಾಗಿದ್ದರೂ ಹೊಸದು ನಮ್ಮ ಬಜೆಟ್ ಮೀರುತ್ತದೆ, ಮೇಲಾಗಿ ಅದರ ಎತ್ತರಕ್ಕೆ ಹತ್ತುವುದು ಅಮ್ಮನಿಗೆ ಕಷ್ಟ.

ಆರೇಳು ಜನ ಮತ್ತು ಸಾಮಾನಿನೊಂದಿಗೆ ಘಾಟಿ ಹತ್ತುವಾಗ ಕಾರೆನ್ಸ್‌ನ 1.5 ಲೀಟರ್ ಪೆಟ್ರೋಲ್ ಎಂಜಿನ್ ಏದುಸಿರು ಬಿಡುತ್ತದೆಯೇ, ಡೀಸೆಲ್ ಆವೃತ್ತಿಯೇ ಬೇಕೇ? ಮಗುವಿನ ಸೀಟನ್ನು ಎರಡನೆಯ ಸಾಲಿನಲ್ಲಿ ಬಿಗಿದ ಮೇಲೂ ದೊಡ್ಡವರು ಹಿಂದಿನ ಸಾಲಿಗೆ ಸಲೀಸಾಗಿ ಹೋಗಬಹುದೇ? ಸ್ವತಃ ಬಳಸುತ್ತಿರುವವರು ದಯವಿಟ್ಟು ತಿಳಿಸಿ; ದಸರೆಯೊಳಗೆ ಬುಕ್ ಮಾಡಬೇಕೆಂದಿದ್ದೇವೆ.