ಬೆರಿಲ್ ಸ್ವೇನ್‌ನ ರೇಸಿಂದ ಆಚೆ ಹಾಕಿದ್ದು ಯಾಕೆ?

ಹಳೇಯೆಜ್ಡಿ: ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ನಡೆಯೋ ಟಿಟಿ ಬೈಕ್ ರೇಸಲ್ಲಿ 1962ರಲ್ಲಿ ಬೆರಿಲ್ ಸ್ವೇನ್ ಅನ್ನೋ ಲಂಡನ್ ಹೆಂಗಸು ರೇಸ್ ಓಡ್ಸಿ ಮುಗಿಸಿದ್ರಂತೆ, ಆಮೇಲೆ ಲೈಸೆನ್ಸೇ ಕಿತ್ಕೊಂಡ್ರಂತೆ. ಏನ್ ತಪ್ಪು ಮಾಡಿದ್ರು? ಯಾರಿಗಾದ್ರೂ ಗೊತ್ತಾ?

ಟಾಪ್‌ಗೇರ್_ಸೀನ: ತಪ್ಪೇನೂ ಇಲ್ಲ ಗುರು. ಆ ವರ್ಷಾನೇ ಟಿಟಿಲಿ 50 ಸಿಸಿ ಕ್ಲಾಸ್ ಶುರುವಾಗಿದ್ದು, ಇಂಜಿನ್ ಲೆಕ್ಕಕ್ಕೆ ನಮ್ ಲೂನಾ ಅನ್ಕೋ, ಆದ್ರೆ ಟ್ರ್ಯಾಕ್ ಒಂದು ಸುತ್ತಿಗೆ 60 ಕಿಮೀ ಮೇಲೆ, ಬೆಟ್ಟ ಹತ್ತಿ ಇಳೀಬೇಕು, ಅಂಥವು ಎರಡು ಸುತ್ತು. ಈಯಮ್ಮನ ಹತ್ರ ಇದ್ದಿದ್ದು ಇಟಲಿಯ ಈಟಮ್ ಗಾಡಿ, ಮಧ್ಯದಲ್ಲಿ ಟಾಪ್ ಗೇರ್ ಕೈ ಕೊಡ್ತು, ಆದ್ರೂ ಬಿಡದೆ 22ನೇ ಪ್ಲೇಸಲ್ಲಿ ಮುಗಿಸಿದ್ರು. ಗೆದ್ದಿದ್ದು ಸುಜುಕಿ ಮೇಲೆ ಅರ್ನ್‌ಸ್ಟ್ ಡೆಗ್ನರ್. ಇಷ್ಟಾದ್ಮೇಲೆ ಎಫ್‌ಐಎಂನವ್ರು (ಬೈಕ್ ರೇಸಿಂಗಿನ ಅಂತಾರಾಷ್ಟ್ರೀಯ ಸಂಸ್ಥೆ) ರೈಡರ್ ತೂಕ ಕಮ್ಮಿ ಅಂದ್ರೂ 60.5 ಕೆಜಿ ಇರ್ಬೇಕು ಅಂತ ರೂಲ್ ತಂದ್ರು. ಇವ್ರು ಸಣ್ಣ ಆಳು, ತೂಕ ಏರಿಸೋಕೆ ನೋಡಿದ್ರೂ ಆಗ್ಲಿಲ್ಲ, ಪ್ರೊಟೆಸ್ಟ್ ಮಾಡಿದ್ರೂ ಯಾರೂ ಕೇಳ್ಲಿಲ್ಲ, ಹಂಗೇ ಲೈಸೆನ್ಸ್ ಹೋಯ್ತು.

ಕ್ಲಚ್‌ವೈರ್: ನಂಗೆ ರೂಲಲ್ಲೂ ಲಾಜಿಕ್ ಕಾಣ್ಸುತ್ತೆ ಸೀನಣ್ಣ. 50 ಸಿಸಿಲಿ ಹತ್ತು ಕೆಜಿ ವ್ಯತ್ಯಾಸ ಅಂದ್ರೆ ಏರಲ್ಲಿ ಸುಮ್ನೆ ಅಲ್ಲ.

ಟಾಪ್‌ಗೇರ್_ಸೀನ: ಒಪ್ತೀನಿ, ಆದ್ರೆ ಹಗುರ ಇದ್ದೂ ಅವ್ರು ಬಂದಿದ್ದು 22ನೇದು, ಕಪ್ಪೇನ್ ಹೊಡ್ಕೊಂಡ್ ಹೋಗಿದ್ರಾ? ಈಗ ಮೋಟೋ3 ಅನ್ನೋ ಸಣ್ಣ ಇಂಜಿನ್ ಬೈಕ್‌ಗಳ ವರ್ಲ್ಡ್ ಚಾಂಪಿಯನ್‌ಶಿಪ್‌ಲಿ ನೋಡು, ರೈಡರ್ ಬೈಕು ಎರಡೂ ಸೇರ್ಸಿ 152 ಕೆಜಿ ಇದ್ರೆ ಆಯ್ತು, ಸಣ್ಣಗಿರೋರು ಗಾಡಿಗೆ ತೂಕ ಕಟ್ಕೋಬಹುದು. ಹೆಂಗಸ್ರು ಬರ್ಬೇಡಿ ಅಂತ ಬಾಯ್ಬಿಟ್ಟು ಹೇಳೋಕೆ ಮುಜುಗರ, ತಕ್ಕಡಿ ತೋರ್ಸಿದ್ರು ಅಂತ ನನ್ ಅನಿಸಿಕೆ.

ಹಳೇಯೆಜ್ಡಿ: ಹಂಗಾದ್ರೆ ಟಿಟಿಲಿ ಮೊದಲ ಹೆಂಗಸು ಇವ್ರೇನಾ? ಇನ್ನೊಂದ್ ಕಡೆ ಬೇರೆ ಹೆಸ್ರಿತ್ತು.

ಸೈಡ್‌ಕಾರ್_ಸುಮಾ: ಅದು ಇಂಗೆ ಸ್ಟಾಲ್ ಇರ್ಬೇಕು, ಜರ್ಮನಿಯವ್ರು. 1954ರಲ್ಲಿ ಸೈಡ್‌ಕಾರ್ (ಬೈಕ್ ಪಕ್ಕ ಇನ್ನೊಂದು ಚಕ್ರದ ತೊಟ್ಟಿಲು ಸೇರಿಸಿರೋ ಗಾಡಿ) ರೇಸಲ್ಲಿ ಜಾಕ್ ದ್ರಿಯೋನ್ ಜೊತೆ ಪ್ಯಾಸೆಂಜರ್ ಆಗಿ 5ನೇ ಪ್ಲೇಸ್ ತಗೊಂಡಿದ್ರು. ಪ್ಯಾಸೆಂಜರ್ ಅಂದ್ರೆ ಸುಮ್ನೆ ಕೂರೋದಲ್ಲ ಮತ್ತೆ, ತಿರುವು ಬಂದಾಗೆಲ್ಲ ಮೈಯೆಲ್ಲ ಆಚೆ ಚಾಚಿ ಗಾಡಿ ಮಗುಚದಂಗೆ ಹಿಡೀಬೇಕು. ಸೋಲೋ ಬೈಕಲ್ಲಿ ಸ್ವೇನೇ ಫಸ್ಟು. ಅವ್ರಾದ್ಮೇಲೆ ಸೋಲೋ ಓಡ್ಸಿದ್ ಹೆಂಗಸು ಹಿಲರಿ ಮಸ್ಸನ್, ಅದೂ 1978ರಲ್ಲಿ.

ಕ್ಲಚ್‌ವೈರ್: 16 ವರ್ಷ ಗ್ಯಾಪಾ! ಸರಿ ಸೀನಣ್ಣ, ತಕ್ಕಡಿ ವಿಷ್ಯ ನಿಂದೇ ಗೆಲುವು ಇಟ್ಕೋ.