ಸಿಂಗಾಪುರದ ಹ್ಯಾಲೋವೀನ್ ದೆವ್ವದ ಮನೆಗಳು: ದಾವಣಗೆರೆಯಿಂದ ಹೋಗೋರು ಏನೇನು ನೋಡ್ಕೋಬೇಕು?

ಮಂಡಕ್ಕಿ_ಖಾರ (ದಾವಣಗೆರೆ):
ದಸರಾ ರಜೆಗೆ ಸಿಂಗಾಪುರ ಫಿಕ್ಸ್ ಆಗಿದೆ. ಐದು ಜನ: ನಾವಿಬ್ಬರು, 15ರ ಮಗ, 9ರ ಮಗಳು, ನಮ್ಮತ್ತೆ. ಸೆಂಟೋಸಾ ದ್ವೀಪದ ಯೂನಿವರ್ಸಲ್ ಸ್ಟುಡಿಯೋಸ್ ಥೀಮ್ ಪಾರ್ಕ್‌ನಲ್ಲಿ ರಾತ್ರಿ ನಡೆಯೋ ದೆವ್ವದ ಮನೆಗಳ ಕಾರ್ಯಕ್ರಮ, ಹ್ಯಾಲೋವೀನ್ ಹಾರರ್ ನೈಟ್ಸ್‌ಗೆ ಹೋಗಲೇಬೇಕು ಅಂತ ಮಗನ ಹಟ. ಬೆಳಗ್ಗೆಯ ಪಾರ್ಕ್ ಟಿಕೆಟ್‌ನಲ್ಲೇ ರಾತ್ರಿನೂ ಇರಬಹುದಾ? ನಮ್ಮ ಎಕ್ಸಿಬಿಷನ್‌ನ ಭೂತ ಬಂಗಲೆಗೂ ಇದಕ್ಕೂ ಏನು ವ್ಯತ್ಯಾಸ? ಸ್ವಲ್ಪ ಬಿಡಿಸಿ ಹೇಳಿ.

ಕೋಟೆ_ಹಾದಿ (ಚಿತ್ರದುರ್ಗ):
ಇರೋಕೆ ಬಿಡಲ್ಲ ಸರ್. ಅದಕ್ಕೆ ಟಿಕೆಟ್ಟೇ ಬೇರೆ. ಆ ದಿನಗಳಲ್ಲಿ ಹಗಲಿನ ಪಾರ್ಕ್ ಬೇಗ ಮುಚ್ಚಿ, ಎಲ್ಲರನ್ನೂ ಹೊರಗೆ ಕಳಿಸಿ, ಸಂಜೆ ಮತ್ತೆ ಗೇಟ್ ತೆಗೀತಾರೆ. ಟಿಕೆಟ್ ಮೇಲೆ ತಾರೀಖು ಇರುತ್ತೆ, ಪ್ರತಿ ರಾತ್ರಿ ನಡೆಯೋದೂ ಇಲ್ಲ. ಹಾಗಾಗಿ ಮೊದಲು ಅವರ ಕ್ಯಾಲೆಂಡರ್ ನೋಡಿ, ಆಮೇಲೆ ಉಳಿದ ಪ್ಲ್ಯಾನ್. ಶುಕ್ರವಾರ, ಶನಿವಾರ ಮತ್ತು ಹ್ಯಾಲೋವೀನ್ ದಿನವಾದ ಅಕ್ಟೋಬರ್ 31ರ ಹಿಂದಿನ ವಾರಾಂತ್ಯ ಬಿಟ್ಟುಬಿಡಿ. ದೀಪಾವಳಿಗೆ ಅಲ್ಲೂ ಸರ್ಕಾರಿ ರಜೆ, ಅದರ ಹಿಂದಿನ ರಾತ್ರಿಯೂ ರಶ್.

ಮಗಳನ್ನು ಕರ್ಕೊಂಡು ಹೋಗಬೇಡಿ. ಅಮೆರಿಕದ ಒರ್ಲಾಂಡೊದಲ್ಲಿ 1991ರಿಂದ ನಡೀತಿರೋ ಇದೇ ಕಾರ್ಯಕ್ರಮಕ್ಕೆ 13ರೊಳಗಿನ ಮಕ್ಕಳು ಬೇಡ ಅಂತ ಪಾರ್ಕಿನವರೇ ಹೇಳ್ತಾರೆ. ಕರುಳು, ರಕ್ತ ಎಲ್ಲ ಧಾರಾಳ. ಮನೆಯೊಳಗೆ ಹೋಗದಿದ್ರೂ ದಾರಿಯಲ್ಲೇ ಹೊಗೆ ಬಿಟ್ಟು ಎದುರಿಗೇ ನುಗ್ಗೋರು ಇರ್ತಾರೆ, ಹೊರಗೆ ಕೂರಿಸೋಕೂ ಜಾಗ ಇಲ್ಲ. ಅತ್ತೆ, ಮಗಳು ಹೋಟೆಲ್‌ನಲ್ಲಿರಲಿ, ಹೋಗೋದು ಮೂವರೇ ಸಾಕು.

ಹೊಗೆ_ಮಿಷನ್:
ಎಕ್ಸಿಬಿಷನ್ ಭೂತ ಬಂಗಲೆಯಲ್ಲಿ ಹಗ್ಗಕ್ಕೆ ಕಟ್ಟಿದ ಗೊಂಬೆ, ಹೆಚ್ಚಂದ್ರೆ ಕಪ್ಪು ಬಟ್ಟೆ ಹೊದ್ದ ಇಬ್ಬರು ಹುಡುಗರು. ಇಲ್ಲಿ ಪ್ರತಿ ಮನೆಗೂ ಒಂದು ಕಥೆ, ಅದಕ್ಕೆ ತಕ್ಕ ಸೆಟ್, ಮೇಕಪ್ ಮಾಡಿದ ನಟರು. ಅವರು ನಿಮ್ಮನ್ನು ಮುಟ್ಟಲ್ಲ, ನೀವೂ ಕೈ ಎತ್ತಬಾರದು. ಒಳಗೆ ಫೋಟೋ, ವಿಡಿಯೋ ಇಲ್ಲ. ಮುಖವಾಡ, ವೇಷ ಹಾಕ್ಕೊಂಡು ಹೋಗಬೇಡಿ.

ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಒಂದಿದೆ. ಗೋಡೆಯ ಒಂದು ಕಡೆ ಹೊಳೆಯೋ ಹೆಣ ಕಂಡ್ರೆ ನಟ ಇರೋದು ಅದರ ಎದುರು ಬದಿಯ ಕತ್ತಲಲ್ಲಿ. ಹೆಣ ಇರೋದೇ ನಿಮ್ಮ ಕಣ್ಣನ್ನು ಅತ್ತ ಸೆಳೆಯೋಕೆ. ಅವನು ಪರದೆ ಸರಿಸಿ ಎಗರಿ, ಮತ್ತೆ ಹಿಂದೆ ಸರಿದು ಅಡಗೋಕೆ ಕೆಲವು ಸೆಕೆಂಡ್ ಬೇಕು. ನೀವು ಮುಂದಿನವರ ಬೆನ್ನಿಗೆ ಅಂಟಿಕೊಂಡು ಹೋದ್ರೆ ಅವರ ಮೇಲೆ ಎಗರಿ ಮುಗಿಸಿದ ದೆವ್ವ ವಾಪಸ್ ಹೋಗೋದನ್ನು ನೋಡ್ತೀರಿ, ಅಷ್ಟೇ. ಐದಾರು ಹೆಜ್ಜೆ ಅಂತರ ಇಟ್ಕೊಳ್ಳಿ. ಹೆದರಿಕೆ ಕಡಿಮೆ ಬೇಕು ಅನ್ನೋರು ಉಲ್ಟಾ ಮಾಡಿ: ಗುಂಪಿನ ನಡುವೆ ಸೇರ್ಕೊಂಡು ಮುಂದಿನವರ ಭುಜ ನೋಡ್ತಾ ನಡೀರಿ.

ಮೂರ್ಛೆರೋಗ ಇರೋರಿಗೆ ಮಿಣುಕು ದೀಪ ಅಪಾಯ. ಅಸ್ತಮಾ ಇದ್ರೆ ಹೊಗೆಗೆ ಕೆಮ್ಮು ಹತ್ತುತ್ತೆ, ಇನ್ಹೇಲರ್ ಜೇಬಲ್ಲಿರಲಿ. ಚಪ್ಪಲಿ ಬೇಡ, ಶೂ ಹಾಕಿ. ಕತ್ತಲಲ್ಲಿ ನೆಲ ಏರುಪೇರು, ಹಿಂದಿನವರು ಹೆದರಿ ಓಡಿದಾಗ ತುಳಿಯೋದು ನಿಮ್ಮ ಕಾಲನ್ನೇ.

ಗೇಟ್ ತೆರೆದ ಕೂಡಲೇ ಎಲ್ಲರೂ ಹತ್ತಿರದ ಮನೆಗೆ ಸಾಲು ಹಚ್ತಾರೆ. ನೀವು ಅದನ್ನು ದಾಟಿ ದೂರದ್ದಕ್ಕೆ ಹೋಗಿ. ಕೊನೆ ಒಂದು ಗಂಟೆಯಲ್ಲಿ ಸಾಲು ಕರಗುತ್ತೆ, ಬಿಟ್ಟಿದ್ದನ್ನು ಆಗ ಮುಗಿಸಿ. ಶನಿವಾರವೇ ಹೋಗಬೇಕಾದ್ರೆ ಮಾತ್ರ ಸಾಲು ತಪ್ಪಿಸೋ ಎಕ್ಸ್‌ಪ್ರೆಸ್ ಪಾಸ್‌ಗೆ ದುಡ್ಡು ಹಾಕಿ.

ಎನ್‌ಹೆಚ್_48:
ಹೋಗಿ ಬರೋ ಲೆಕ್ಕ ನಾನು ಹೇಳ್ತೀನಿ. ಏರ್‌ಪೋರ್ಟ್‌ಗೆ ಕಾರಲ್ಲಿ ಹೋದ್ರೆ ಬೆಂಗಳೂರು ಒಳಗೆ ಹೋಗಬೇಡಿ. ತುಮಕೂರು ದಾಟಿ ದಾಬಸ್‌ಪೇಟೆಯಲ್ಲಿ ತಿರುಗಿ, ದೊಡ್ಡಬಳ್ಳಾಪುರ ಮೇಲೆ ದೇವನಹಳ್ಳಿ. ವಿದೇಶಿ ವಿಮಾನ ಟರ್ಮಿನಲ್ 2ರಿಂದ. ವೀಸಾ ಬೇಕು, ಜೊತೆಗೆ ಅಲ್ಲಿ ಇಳಿಯೋಕೆ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ಅರೈವಲ್ ಕಾರ್ಡ್ ತುಂಬಬೇಕು, ಅದು ಉಚಿತ. ಜೇಬಲ್ಲಿ ಗುಟ್ಕಾ, ಖೈನಿ ಇದ್ರೆ ಮನೆಯಲ್ಲೇ ಬಿಡಿ, ಅಲ್ಲಿ ಕಾನೂನಿನ ಪ್ರಕಾರ ನಿಷೇಧ. ನಮ್ಮೂರೋರು ಮರೆಯೋದು ಇದನ್ನೇ.

ಸಮಯ ನಮಗಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿ ರಾತ್ರಿ 12 ಅಂದ್ರೆ ಇಲ್ಲಿ ಒಂಬತ್ತೂವರೆ, ಅಷ್ಟಾಗಿ ನಿದ್ದೆ ಬರಲ್ಲ. ಆದ್ರೆ ರಾತ್ರಿ ವಿಮಾನದಲ್ಲಿ ಬಂದಿಳಿದ ದಿನವೇ ಹೋಗಬೇಡಿ, ಸಾಲಲ್ಲೇ ತೂಕಡಿಸ್ತೀರಿ.

ಲಿಟಲ್ ಇಂಡಿಯಾದಲ್ಲಿ ರೂಮ್ ಮಾಡಿ. ಅಲ್ಲಿಂದ ನಾರ್ತ್ ಈಸ್ಟ್ ಲೈನ್ ಮೆಟ್ರೋ ಗಾಡಿ ಬದಲಿಸದೆ ಹಾರ್ಬರ್‌ಫ್ರಂಟ್‌ಗೆ ಬಿಡುತ್ತೆ. ಮೇಲೆ ವಿವೋಸಿಟಿ ಮಾಲ್‌ನ ಮೂರನೇ ಮಹಡಿಯಿಂದ ಸೆಂಟೋಸಾ ಎಕ್ಸ್‌ಪ್ರೆಸ್ ಮೊನೊರೈಲು ಹಿಡಿದು ರಿಸಾರ್ಟ್ಸ್ ವರ್ಲ್ಡ್ ಸ್ಟೇಷನ್‌ನಲ್ಲಿ ಇಳೀರಿ. ದ್ವೀಪಕ್ಕೆ ಹೋಗೋ ಕಾಲುದಾರಿ ಬೋರ್ಡ್‌ವಾಕ್ ಮೇಲೆ ನಡೆದ್ರೆ ಪುಕ್ಕಟೆ. ಸಸ್ಯಾಹಾರಿಗಳಾದ್ರೆ ಲಿಟಲ್ ಇಂಡಿಯಾದಲ್ಲೇ ಊಟ ಮುಗಿಸಿ ಹೊರಡಿ, ಪಾರ್ಕಲ್ಲಿ ಆಯ್ಕೆ ಕಮ್ಮಿ. ಬೆಣ್ಣೆ ದೋಸೆ ನೆನಪು ಬರೋದಂತೂ ಗ್ಯಾರಂಟಿ.

ವಾಪಸ್ ಬರುವಾಗ ಎಡವೋದು ಇಲ್ಲಿ: ಮೆಟ್ರೋ ಮಧ್ಯರಾತ್ರಿ ಹೊತ್ತಿಗೆ ನಿಲ್ಲುತ್ತೆ. ಆಮೇಲೆ ಟ್ಯಾಕ್ಸಿ ಮೀಟರ್ ಮೇಲೆ ಬೆಳಗ್ಗೆ 6ರ ತನಕ ಶೇ 50 ಹೆಚ್ಚು, ಸಾಲೂ ಉದ್ದ. 11ಕ್ಕೇ ಹೊರಬಿದ್ರೆ ಮೆಟ್ರೋ ಸಿಗುತ್ತೆ.

ಮಂಡಕ್ಕಿ_ಖಾರ:
ಹಾಗಾದ್ರೆ ಕೊನೆ ಗಂಟೆ ಸಾಲು ಕರಗೋದು ನಮಗೆ ಸಿಗಲ್ಲ ಅಂದಂಗಾಯ್ತು! ಇನ್ನೊಂದು, ಅಂತರ ಬಿಟ್ರೆ ಹಿಂದಿನವರು ಬೈಯಲ್ವಾ? ಮಳೆ ಬಂದ್ರೆ?

ಹೊಗೆ_ಮಿಷನ್:
ಪೂರ್ತಿ ನಿಲ್ಲಬೇಡಿ, ನಡಿಗೆ ನಿಧಾನ ಮಾಡಿ ಸಾಕು. ನಿಂತ್ರೆ ಟಾರ್ಚ್ ಹಿಡಿದ ಸಿಬ್ಬಂದಿ ಮುಂದೆ ಹೋಗಿ ಅಂತಾರೆ. ತಿರುವು ಬರೋ ಮುಂಚೆ ನಿಧಾನ ಆದ್ರೆ ಒಳ್ಳೇದು, ದೆವ್ವ ಕಾಯೋದು ಅಲ್ಲೇ. ಸಿಡಿಲಿದ್ರೆ ಬಯಲಿನ ರೈಡ್ ನಿಲ್ಲಿಸ್ತಾರೆ, ಒಳಗಿನ ಮನೆ ನಡೀತಾ ಇರುತ್ತೆ. ಛತ್ರಿಗಿಂತ ರೇನ್‌ಕೋಟ್ ವಾಸಿ, ಸಾಲಲ್ಲಿ ಛತ್ರಿ ಕಡ್ಡಿ ಪಕ್ಕದವರ ಕಣ್ಣಿಗೆ. ಕೊನೆ ಗಂಟೆ ಬೇಕೇ ಬೇಕು ಅಂದ್ರೆ ಟ್ಯಾಕ್ಸಿ ದುಡ್ಡು ಮೂವರ ನಡುವೆ ಹಂಚಿ ನೋಡಿ, ಎಕ್ಸ್‌ಪ್ರೆಸ್ ಪಾಸ್‌ಗಿಂತ ಕಮ್ಮಿನೇ ಬೀಳುತ್ತೆ.