ಪಿಎಚ್‌ಡಿ ಕೋರ್ಸ್‌ವರ್ಕ್: ರಿಸರ್ಚ್ ಮೆಥಡಾಲಜಿ ನೀವೆಲ್ಲ ಹೇಗೆ ಕಲಿತಿರಿ?

ಕೇಳಿದವರು:
ಸಮಾಜಶಾಸ್ತ್ರ, ಪಿಎಚ್‌ಡಿ ಮೊದಲ ವರ್ಷ. ವಿಷಯ ಹೈನುಗಾರಿಕೆ ಮತ್ತು ಹಳ್ಳಿ ಹೆಂಗಸರ ದುಡಿಮೆ. ಮೆಥಡಾಲಜಿ ನೋಟ್ಸ್ ತುಂಬಾ ಬರೀ ವ್ಯಾಖ್ಯೆಗಳು. ಬಾಯಿಪಾಠ ಮಾಡಿ ಪಾಸಾಗಬಹುದು, ಆದರೆ ಸಿನಾಪ್ಸಿಸ್ (ಸಂಶೋಧನೆಯ ರೂಪರೇಷೆ) ಬರೆಯೋಕೆ ಕೂತರೆ ಕೈ ಓಡ್ತಿಲ್ಲ. ಅಂಕಿಅಂಶ ಲೆಕ್ಕ ಹಾಕೋ ಸಾಫ್ಟ್‌ವೇರ್ ಎಸ್‌ಪಿಎಸ್‌ಎಸ್‌ನ ಕ್ಲಾಸಿಗೆ ಸೇರಲಾ? ಅನುಭವ ಇದ್ದವರು ಹೇಳಿ.

ಉತ್ತರ 1:
ಎಸ್‌ಪಿಎಸ್‌ಎಸ್ ಸದ್ಯಕ್ಕೆ ಬೇಡ. ಲೆಕ್ಕ ಹಾಕೋಕೆ ಮೊದಲು ಏನಾದ್ರೂ ಇರಬೇಕಲ್ವಾ? ಒಂದು ಒರಟು ಪ್ರಶ್ನಾವಳಿ ಬರೆದುಕೊಂಡು ಹತ್ತಿರದ ಹಳ್ಳಿಗೆ ಹೋಗಿ. ನನ್ನದೂ ಹೆಂಗಸರ ದುಡಿಮೆಯ ಮೇಲಿನ ಅಧ್ಯಯನವೇ. "ನೀವು ಏನಾದ್ರೂ ಕೆಲಸ ಮಾಡ್ತೀರಾ?" ಅಂತ ಕೇಳಿದರೆ, ಆಗಷ್ಟೇ ಹಾಲು ಕರೆದು ಎದ್ದವರೂ "ಇಲ್ಲಮ್ಮ, ಮನೇಲೇ ಇರ್ತೀನಿ" ಅಂತಾರೆ. ಅದೇ "ನಿನ್ನೆ ಎದ್ದಾಗಿಂದ ಏನೇನು ಮಾಡಿದ್ರಿ?" ಅಂದರೆ ಸಗಣಿ ಬಾಚಿದ್ದು, ಹುಲ್ಲು ಕೊಯ್ದದ್ದು, ಡೈರಿಗೆ ಹಾಲು ಹಾಕಿದ್ದು, ಎಲ್ಲ ಸಾಲಾಗಿ ಬರುತ್ತೆ. ನೋಟ್ಸಲ್ಲಿ ವ್ಯಾಲಿಡಿಟಿ ಅಂತ ಇರೋದು ಇದೇ, ಅಳೀಬೇಕಾದ್ದನ್ನೇ ಪ್ರಶ್ನೆ ಅಳೀತಿದೆಯಾ ಅನ್ನೋದು. ಕೇಂದ್ರ ಸರ್ಕಾರದ 2019ರ ಟೈಮ್ ಯೂಸ್ ಸರ್ವೆಯಲ್ಲೂ ಹಿಂದಿನ ದಿನ ಬೆಳಗಿನ ಜಾವ 4ರಿಂದ ಅರ್ಧರ್ಧ ಗಂಟೆಯ ಲೆಕ್ಕ ಬರೆಸಿಕೊಂಡಿದ್ದರು. ಆ ನಮೂನೆ ನೋಡಿ, ತುಂಬಾ ಉಪಯೋಗ.

ಉತ್ತರ 2:
ಮೇಡಂ ಹೇಳಿದ್ದು ಸರಿ, ಆದರೆ ಯಾರನ್ನ ಕೇಳ್ತೀರಿ ಅನ್ನೋದು ಅದಕ್ಕಿಂತ ಮೊದಲು ಬರಬೇಕು. ಎಲ್ಲರೂ ಸುಮ್ನೆ ಹಾಲಿನ ಸೊಸೈಟಿಯ ಸದಸ್ಯರ ಪಟ್ಟಿ ಹಿಡಿದು ಸ್ಯಾಂಪಲ್ ತೆಗೀತಾರೆ. ಹಸು ಮಾರಿದವರು ಅದರಲ್ಲಿ ಸಿಗ್ತಾರಾ? ಖಾಸಗಿಯವರಿಗೆ ಹಾಲು ಹಾಕೋರು? ಗಂಡನ ಹೆಸರಲ್ಲಿ ಸದಸ್ಯತ್ವ ಇದ್ದರೆ ದುಡಿಯೋ ಹೆಂಡತಿ ಪಟ್ಟಿಯಲ್ಲೇ ಇಲ್ಲ. 1936ರ ಅಮೆರಿಕದ ಅಧ್ಯಕ್ಷ ಚುನಾವಣೆಗೆ ಮುಂಚೆ ಸಮೀಕ್ಷೆ ಮಾಡಿದ ಅಲ್ಲಿನ ಲಿಟರರಿ ಡೈಜೆಸ್ಟ್ ಪತ್ರಿಕೆಗೆ 20 ಲಕ್ಷಕ್ಕೂ ಜಾಸ್ತಿ ಉತ್ತರ ಬಂದಿತ್ತು. ಫೋನು, ಕಾರು ಇದ್ದವರ ಪಟ್ಟಿ ಹಿಡಿದು ಹೊರಟಿದ್ದರು, ಉತ್ತರ ಕಳಿಸಿದವರೂ ಒಂದೇ ಕಡೆ ವಾಲಿದ್ದರು. ಲ್ಯಾಂಡನ್ ಗೆಲ್ತಾರೆ ಅಂದರು, ಗೆದ್ದಿದ್ದು ರೂಸ್‌ವೆಲ್ಟ್. ನೀವು ಊರಿನ ಮನೆಗಳನ್ನೇ ಮೊದಲು ಪಟ್ಟಿ ಮಾಡಿ. ಬೇಜಾರಿನ ಕೆಲಸ, ಆದರೂ ಬಿಡಬೇಡಿ.

ಜೊತೆಗೆ ಕೇಂದ್ರ ಸರ್ಕಾರದ ನ್ಯಾಷನಲ್ ಸ್ಯಾಂಪಲ್ ಸರ್ವೆಯ (ಎನ್‌ಎಸ್‌ಎಸ್) ಉದ್ಯೋಗ ಸಮೀಕ್ಷೆಗಳ ಯೂನಿಟ್ ಲೆವೆಲ್ ಡೇಟಾ, ಅಂದರೆ ಒಂದೊಂದು ಮನೆ, ಒಬ್ಬೊಬ್ಬರ ಉತ್ತರ, ಉಚಿತವಾಗಿ ಸಿಗುತ್ತೆ, ಇಳಿಸಿಕೊಳ್ಳಿ. ಅದರಲ್ಲಿ ಬರೀ ಮನೆಕೆಲಸ ಅಂದವರಿಗೆ ಕೋಡ್ 92. ಹಾಲು ಕರೆಯೋ ಎಷ್ಟು ಜನ ಅದರೊಳಗೆ ಸೇರಿಹೋಗಿರಬಹುದು? ನಿಮ್ಮ ಸಿನಾಪ್ಸಿಸ್‌ಗೆ ಪ್ರಶ್ನೆ ಅಲ್ಲೇ ಇದೆ. ಲೆಕ್ಕ ಮಾಡುವಾಗ ಮಲ್ಟಿಪ್ಲಯರ್ (ಸ್ಯಾಂಪಲ್‌ನ ಒಂದು ಮನೆ ಎಷ್ಟು ಮನೆಗಳ ಪರವಾಗಿ ನಿಲ್ಲುತ್ತೆ ಅನ್ನೋ ಸಂಖ್ಯೆ) ಹಾಕೋದು ಮರೀಬೇಡಿ, ಅದಿಲ್ಲದೆ ಬಂದ ಶೇಕಡಾವಾರಿಗೆ ಬೆಲೆ ಇಲ್ಲ. ಇದಕ್ಕೆ 'ಆರ್' ಅನ್ನೋ ಸಾಫ್ಟ್‌ವೇರ್ ಸಾಕು, ದುಡ್ಡೂ ಬೇಡ.

ಉತ್ತರ 3:
ನನಗೆ ಅಂಕಿಅಂಶದ ಗೊಡವೆ ಇಲ್ಲ, ನನ್ನದು ಹಳ್ಳಿಯಲ್ಲೇ ಉಳಿದು ಮಾಡಿದ ಕೆಲಸ. ಫೀಲ್ಡ್ ನೋಟ್ಸ್ ಅವತ್ತು ರಾತ್ರಿಯೇ ಬರೀರಿ. ಕಂಡದ್ದು ಒಂದು ಕಡೆ, ನಿಮಗೆ ಅನ್ನಿಸಿದ್ದು ಇನ್ನೊಂದು ಕಡೆ. ಇನ್ನೊಂದು ಪ್ರತಿ ಬೇರೆ ಜಾಗದಲ್ಲಿರಲಿ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಮಾಡಿದ ಕೆಲಸದ ಟಿಪ್ಪಣಿಗಳು 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಸಿಕ್ಕವು. ಮೂರೂ ಪ್ರತಿ ಒಂದೇ ಕೋಣೆಯಲ್ಲಿದ್ದವು. ಆಮೇಲೆ ನೆನಪಿನಿಂದಲೇ ಪುಸ್ತಕ ಬರೆದರು. ಅವರಿಗೆ ಆಯ್ತು, ನಮ್ಮ ಕೈಲಿ ಆಗುತ್ತಾ!

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಮನೆಪಟ್ಟಿಯಿಂದಲೇ ಶುರು ಮಾಡ್ತೀನಿ. ಹೋಲಿಸಿ ನೋಡೋಕೆ ಸೊಸೈಟಿ ಪಟ್ಟಿನೂ ಬೇಕು. ಕೇಳಿದರೆ ಕೊಡ್ತಾರಾ?

ಉತ್ತರ 1:
ಗೈಡ್ ಸಹಿ, ವಿಭಾಗದ ಸೀಲ್ ಇರೋ ಪತ್ರ ತಗೊಂಡು ಹೋಗಿ. ಹಾಲು ಅಳೆಯೋ ಹೊತ್ತಲ್ಲಿ ಬೇಡ. ಕ್ಯಾನ್ ಎತ್ತಿದ ಮೇಲೆ ಸೆಕ್ರೆಟರಿ ಲೆಕ್ಕ ಬರೀತಾ ಕೂತಿರ್ತಾರೆ, ಆಗ ಕೇಳಿ.